ಮಗುವಿಗೆ ವಾಂತಿ-ಭೇದಿ ಹತ್ತಿದಾಗ: ಚಮಚ, ಲೀಟರ್ ಬಾಟಲಿ, ಲೆಕ್ಕದ ಹಾಳೆ

ಮನೆಯಲ್ಲಿ ಸರಿಯಾಗಿ ಒಂದು ಲೀಟರ್ ಹಿಡಿಯುವ ಪಾತ್ರೆ ಯಾವುದು ಅಂತ ಇವತ್ತೇ ಗೊತ್ತುಮಾಡಿಕೊಳ್ಳಿ, ಮಗು ಹುಷಾರಾಗಿ ಆಡಿಕೊಂಡಿರುವಾಗಲೇ. ರಾತ್ರಿ ಎರಡು ಗಂಟೆಗೆ ಕೂಸು ಹಾಸಿಗೆಯೆಲ್ಲ ಕಕ್ಕಿಕೊಂಡು ಅಳುವಾಗ ಚೊಂಬಿಗೆ ಎಷ್ಟು ನೀರು ಹಿಡಿಯುತ್ತದೆ ಅಂತ ಯಾರೂ ಅಳೆಯುತ್ತ ಕೂರುವುದಿಲ್ಲ. ಓಆರ್‌ಎಸ್ ಅನ್ನುವ, ನೀರಿಗೆ ಕಲೆಸಿ ಕುಡಿಸುವ ಉಪ್ಪು-ಸಕ್ಕರೆ ಪುಡಿಯ ಪ್ಯಾಕೆಟ್ ಹರಿದು ಕೈಗೆ ಸಿಕ್ಕ ಲೋಟಕ್ಕೆ ಸುರಿದುಬಿಡುತ್ತಾರೆ. ಲೀಟರ್ ನೀರಿಗೆ ಬೀಳಬೇಕಾದ ಉಪ್ಪು ಒಂದು ಲೋಟಕ್ಕೆ ಬಿದ್ದರೆ ಅದು ಔಷಧಿಯಾಗಿ ಉಳಿಯುವುದಿಲ್ಲ. ರಕ್ತದಲ್ಲಿ ಉಪ್ಪು ಏರಿ ಮಗುವಿಗೆ ಫಿಟ್ಸ್ ಕೂಡ ಬರಬಹುದು.

ನಾನು ಕೆಲಸಕ್ಕೆ ಸೇರಿದ್ದು ಜಗಳೂರು ತಾಲ್ಲೂಕಿನ ಒಂದು ಉಪಕೇಂದ್ರಕ್ಕೆ. ಜಗಳೂರು ಆಗಿನ್ನೂ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಯಿತು. ಆಮೇಲೆ ಹೊಳಲ್ಕೆರೆ, ಹಿರಿಯೂರು ಕಡೆಯೆಲ್ಲ ಸುತ್ತಿ, ಹಿರಿಯ ಆರೋಗ್ಯ ಸಹಾಯಕಿಯಾಗಿ ನಿವೃತ್ತಿಯಾಗಿ, ಈಗ ದಾವಣಗೆರೆಯ ನಿಟುವಳ್ಳಿಯಲ್ಲಿದ್ದೇನೆ. ಹಳ್ಳಿಯವರಿಗೆ ನಾನು ನರ್ಸಮ್ಮ, ಈ ಬೀದಿಯವರಿಗೆ ಸಿಸ್ಟರ್ ಆಂಟಿ. ಫೋನು ಮಾಡುವವರೆಲ್ಲ ಕೇಳುವುದು ಒಂದೇ: “ನಿಲ್ಲೋಕೆ ಏನು ಕೊಡಲಿ?”

ನಿಲ್ಲಿಸುವ ಕೆಲಸ ನಿಮ್ಮದಲ್ಲ ಅನ್ನುತ್ತೇನೆ. ಸಾಮಾನ್ಯ ಭೇದಿ ಐದಾರು ದಿನದಲ್ಲಿ ತಾನಾಗಿಯೇ ಹತೋಟಿಗೆ ಬರುತ್ತದೆ. ಮಗುವನ್ನು ಕೊಲ್ಲುವುದು ಭೇದಿಯ ಜೊತೆ ಹೋಗುವ ನೀರು ಮತ್ತು ಉಪ್ಪು. ಹೋದಷ್ಟನ್ನು ಹೋದ ಹಾಗೆಯೇ ತುಂಬಿಕೊಡುತ್ತಿದ್ದರೆ ಕಾಯಿಲೆ ಮುಗಿಯುವವರೆಗೂ ಮಗು ಗಟ್ಟಿಯಾಗಿ ನಿಲ್ಲುತ್ತದೆ. ಮುಂದೆ ಹೇಳುವುದೆಲ್ಲ ಈ ತುಂಬುವ ಕೆಲಸದ ಬಗ್ಗೆಯೇ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಎರಡು ತಿಂಗಳೊಳಗಿನ ಕೂಸಾದರೆ ಇದನ್ನು ಓದುತ್ತಾ ಕೂರಬೇಡಿ. ಎದೆಹಾಲು ಕೊಡುತ್ತಲೇ ಆಸ್ಪತ್ರೆಗೆ ಹೊರಡಿ.

ಒಂದು ಮಾತು. ಬರೀ ಎದೆಹಾಲು ಕುಡಿಯುವ ಕೂಸು ದಿನಕ್ಕೆ ಏಳೆಂಟು ಸಲ ಹಳದಿಯಾಗಿ, ತೆಳ್ಳಗೆ ಮಾಡಿಕೊಂಡರೆ ಅದು ಭೇದಿಯಲ್ಲ. ಕೂಸು ಚೆನ್ನಾಗಿ ಚೀಪುತ್ತಿದೆ, ತೂಕ ಏರುತ್ತಿದೆ ಅಂದರೆ ಅದರ ಪಾಡಿಗೆ ಬಿಡಿ. ಇದ್ದಕ್ಕಿದ್ದಂತೆ ಮಾಮೂಲಿಗಿಂತ ನೀರಾಗಿ, 24 ಗಂಟೆಯಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ಹೋದರೆ ಅದನ್ನು ಭೇದಿ ಅನ್ನಬೇಕು.

ಓಆರ್‌ಎಸ್ ಕಲೆಸುವುದು

ಪ್ಯಾಕೆಟ್ಟಿನ ಹಿಂಬದಿ ಓದಿ. ಆಶಾ ಕಾರ್ಯಕರ್ತೆಯರು, ಪ್ರಾಥಮಿಕ ಆರೋಗ್ಯ ಕೇಂದ್ರದವರು ಪುಕ್ಕಟೆ ಕೊಡುವ ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ. ಮೆಡಿಕಲ್ ಶಾಪಿನಲ್ಲಿ 200 ಎಂಎಲ್ ನೀರಿಗೆ ಕಲೆಸುವ ಚಿಕ್ಕ ಪುಡಿಯೂ ಸಿಗುತ್ತದೆ. ಎರಡನ್ನೂ ಅದಲುಬದಲು ಮಾಡಿಕೊಂಡವರನ್ನು ಬಹಳ ನೋಡಿದ್ದೇನೆ. ಕುದಿಸಿ ಆರಿಸಿದ ನೀರನ್ನು ಒಂದು ಲೀಟರಿನ ನೀರಿನ ಬಾಟಲಿಯಿಂದ ಅಳೆದು, ತೊಳೆದ ಪಾತ್ರೆಗೆ ಹಾಕಿ, ಪ್ಯಾಕೆಟ್ ಪೂರ್ತಿ ಸುರಿದು, ಪುಡಿ ಕರಗುವವರೆಗೆ ತಿರುಗಿಸಿ. ಅರ್ಧ ಪ್ಯಾಕೆಟ್ ಇವತ್ತು, ಅರ್ಧ ನಾಳೆ ಅನ್ನುವ ಉಳಿತಾಯ ಬೇಡ. ಪುಡಿಯೊಳಗೆ ಉಪ್ಪು, ಸಕ್ಕರೆ ಸಮನಾಗಿ ಬೆರೆತಿರುತ್ತವೆ ಅಂತ ಹೇಳಲಾಗದು. ಕಲೆಸಿದ ಮೇಲೆ ಕುದಿಸಬೇಡಿ. ರುಚಿಗೆ ಅಂತ ಸಕ್ಕರೆ, ಹಾಲು, ಜ್ಯೂಸ್ ಬೆರೆಸಬೇಡಿ. ಮುಚ್ಚಿಡಿ. 24 ಗಂಟೆ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿ ಹೊಸದು ಮಾಡಿ. ಇಷ್ಟು ದುಡ್ಡಿಲ್ಲದ ಔಷಧಿಯನ್ನು ಚೆಲ್ಲುವುದಕ್ಕೂ ಕೆಲವು ಅತ್ತೆಯರಿಗೆ ಮನಸ್ಸು ಬರುವುದಿಲ್ಲ, ಏನು ಮಾಡೋಣ.

ಕಲೆಸಿದ್ದನ್ನು ನೀವೇ ಒಂದು ಚಮಚ ಕುಡಿದು ನೋಡಿ. ಕಣ್ಣೀರಿಗಿಂತ ಉಪ್ಪಾಗಿ ಕಂಡರೆ ಅಳತೆ ತಪ್ಪಿದೆ. ಚೆಲ್ಲಿ ಮತ್ತೆ ಮಾಡಿ.

ಅಂಗಡಿಯಲ್ಲಿ ಓಆರ್‌ಎಸ್ ಅಂತಲೇ ಕೇಳಿದರೆ ಹಣ್ಣಿನ ರುಚಿಯ ಸಿಹಿ ಪಾನೀಯದ ಡಬ್ಬಿ ಕೈಗಿಡುವ ಕಾಲವೊಂದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಇಲ್ಲದ ಪಾನೀಯಗಳು ಆ ಹೆಸರು ಹಾಕಿಕೊಳ್ಳಬಾರದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶ ಮಾಡಿತು. ಆದರೂ ನೀವು ನೋಡಿಯೇ ತಗೊಳ್ಳಿ. ಸರಿಯಾದ ಪುಡಿಯ ಮೇಲೆ ಲೀಟರಿಗೆ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ ಅಂತ ಇರುತ್ತದೆ. ಗ್ಲೂಕೋಸ್ ಪುಡಿ, ಕೋಲಾ, ಪ್ಯಾಕೆಟ್ ಜ್ಯೂಸ್ ಯಾವುವೂ ಇದರ ಬದಲಿಗೆ ಬರುವುದಿಲ್ಲ. ಅತಿ ಸಿಹಿ ಕರುಳಿಗೆ ಇಳಿದರೆ ಅದು ಮೈಯಲ್ಲಿದ್ದ ನೀರನ್ನೇ ಎಳೆದುಕೊಳ್ಳುತ್ತದೆ. ಭೇದಿ ಇನ್ನೂ ಜೋರಾಗುತ್ತದೆ.

ಪ್ಯಾಕೆಟ್ ಸಿಗದ ರಾತ್ರಿಗೆ: ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಎರಡನ್ನೂ ಚಮಚದ ಅಂಚಿಗೆ ಸಮವಾಗಿ ಸವರಿ ಅಳೆಯಬೇಕು, ಗುಡ್ಡೆಯಾಗಿ ತುಂಬಬಾರದು. ನಮ್ಮ ಅಡುಗೆಮನೆಗಳಲ್ಲಿ ಚಮಚ ಅಂದರೆ ಉಪ್ಪಿನಕಾಯಿ ಚಮಚದಿಂದ ಪಾಯಸದ ಚಮಚದವರೆಗೆ ಎಲ್ಲವೂ ಇವೆ. ಸಿರಪ್ ಬಾಟಲಿ ಜೊತೆ ಬರುವ 5 ಎಂಎಲ್ ಅಳತೆಯೇ ಇಲ್ಲಿ ಹೇಳಿದ ಚಮಚ. ಉಪ್ಪಿನ ವಿಷಯದಲ್ಲಿ ಕೈಯಂದಾಜು ನಂಬಬೇಡಿ. ಇದು ಬೆಳಗಾಗುವವರೆಗಿನ ಏರ್ಪಾಡು. ಇದರಲ್ಲಿ ಪೊಟ್ಯಾಸಿಯಂ ಇಲ್ಲ. ಬೆಳಗ್ಗೆ ಎದ್ದು ಪ್ಯಾಕೆಟ್ ತರಿಸಿ.

ಕುಡಿಸುವುದು

ಪ್ರತಿ ಸಲ ನೀರಾಗಿ ಹೋದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಎಂಎಲ್, ಅಂದರೆ ಕಾಲಿನಿಂದ ಅರ್ಧ ಲೋಟ. ಎರಡು ವರ್ಷ ದಾಟಿದ ಮಗುವಿಗೆ 100ರಿಂದ 200 ಎಂಎಲ್, ಅರ್ಧದಿಂದ ಒಂದು ಲೋಟ. ನಡುನಡುವೆ ಬಾಯಾರಿ ಕೇಳಿದರೆ ಇನ್ನಷ್ಟು ಕೊಡಿ. ಇಷ್ಟು ಹೇಳಿದ ಕೂಡಲೇ ಬರುವ ಉತ್ತರ ನನಗೆ ಬಾಯಿಪಾಠ: “ಕುಡಿಸಿದ್ದೆಲ್ಲ ಕಕ್ತದೆ ಸಿಸ್ಟರ್.”

ಕಕ್ಕುತ್ತದೆ, ಯಾಕೆಂದರೆ ಬಾಯಾರಿದ ಮಗು ಲೋಟ ಕಂಡ ಕೂಡಲೇ ಗಟಗಟ ಕುಡಿಯುತ್ತದೆ, ನೀವೂ ಸದ್ಯ ಕುಡಿಯಿತಲ್ಲ ಅಂತ ಕುಡಿಸುತ್ತೀರಿ. ವಾಂತಿಯಾದ ಮೇಲೆ ಹತ್ತು ನಿಮಿಷ ಏನೂ ಕೊಡಬೇಡಿ. ಬಾಯಿ ಒರೆಸಿ, ಅಂಗಿ ಬದಲಿಸಿ, ಎತ್ತಿಕೊಂಡು ಓಡಾಡಿ. ಆಮೇಲೆ 5 ಎಂಎಲ್ ಚಮಚದಲ್ಲಿ ಎರಡು ನಿಮಿಷಕ್ಕೊಂದು ಚಮಚ. ಗಡಿಯಾರ ನೋಡಿ ಕೊಡಿ, ಮನಸ್ಸಿನಲ್ಲೇ ಎಣಿಸಿದರೆ ಎರಡು ನಿಮಿಷ ಅರ್ಧ ನಿಮಿಷಕ್ಕೆ ಇಳಿಯುತ್ತದೆ. ಈ ಲೆಕ್ಕದಲ್ಲಿ ಗಂಟೆಗೆ 150 ಎಂಎಲ್ ಒಳಗೆ ಹೋಗುತ್ತದೆ. ಚಿಕ್ಕ ಹೊಟ್ಟೆಗೆ ಅದು ಕಡಿಮೆಯೇನಲ್ಲ. ಚನ್ನಗಿರಿ ಕಡೆಯ ಅಡಿಕೆ ತೋಟದವರಿಗೆ ಇದನ್ನು ಹೇಳುವುದು ಸುಲಭ: ಬೇಸಿಗೆಯಲ್ಲಿ ಬುಡಕ್ಕೆ ಒಮ್ಮೆಲೇ ಕೊಡ ಸುರಿದರೆ ಹರಿದುಹೋಗುತ್ತದೆ, ಹನಿ ಬಿಟ್ಟರೆ ಇಂಗುತ್ತದೆ. ಮತ್ತೆ ಕಕ್ಕಿತಾ? ಮತ್ತೆ ಹತ್ತು ನಿಮಿಷ ಬಿಟ್ಟು, ಮೂರು ನಿಮಿಷಕ್ಕೊಂದು ಚಮಚದಿಂದ ಶುರು ಮಾಡಿ. ಕಕ್ಕಿದ್ದು ನೆಲದ ಮೇಲೆ ಬಹಳ ಕಾಣುತ್ತದೆ, ಆದರೆ ಒಳಗೂ ಒಂದಷ್ಟು ನಿಂತಿರುತ್ತದೆ.

ಇದು ಬೇಸರದ ಕೆಲಸ. ಒಬ್ಬರಿಂದ ಆಗುವುದಿಲ್ಲ. ಅಪ್ಪ, ಚಿಕ್ಕಮ್ಮ, ಅಜ್ಜಿ ಸರದಿಯಲ್ಲಿ ಕೂರಲಿ. ಎದೆಹಾಲು ಕೊಡುವ ತಾಯಿಗೆ ಮಧ್ಯೆ ಎರಡು ಗಂಟೆ ನಿದ್ದೆ ಸಿಗಬೇಕು. ಅವಳೂ ನೀರು ಕುಡಿಯಬೇಕು, ಊಟ ಮಾಡಬೇಕು. ಮಗುವಿಗೆ ಭೇದಿ ಅಂತ ತಾಯಿಗೆ ಪಥ್ಯ ಹಾಕುವ ಮನೆಗಳು ಈಗಲೂ ಇವೆ. ಅದರಿಂದ ಮಗುವಿಗೆ ಎಳ್ಳಷ್ಟೂ ಲಾಭವಿಲ್ಲ, ಎದೆಹಾಲು ಕೊಡುವವಳು ಸೊರಗುತ್ತಾಳೆ ಅಷ್ಟೆ. ಎದೆಹಾಲನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ, ಪದೇಪದೇ ಕೊಡಿ.

ಕೂಸಿಗೆ ಹಾಲು ಕುಡಿಸುವ ಮೂತಿಯ ಬಟ್ಟಲು, ಒಳಲೆ, ಇದ್ದರೆ ಬಳಸಿ, ಕುದಿಯುವ ನೀರಲ್ಲಿ ತೊಳೆದು. ಆದರೆ ಮಡಿಲಲ್ಲಿ ಅಂಗಾತ ಮಲಗಿಸಿ, ಮೂಗು ಹಿಡಿದು, ಒಳಲೆಯಿಂದ ಗಂಟಲಿಗೆ ಬಿಡುವ ಹಳೆಯ ಪದ್ಧತಿ ಬೇಡವೇ ಬೇಡ. ನೀರು ಶ್ವಾಸಕ್ಕೆ ಹೋಗುತ್ತದೆ. ಮಗುವನ್ನು ತಲೆ ಎತ್ತರವಾಗುವಂತೆ ಕೂರಿಸಿ, ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪ ಬಿಡಿ. ಮಂಪರಿನಲ್ಲಿ ತೂಗುತ್ತಿರುವ ಮಗುವಿನ ಬಾಯಿಗೆ ಏನನ್ನೂ ಸುರಿಯಬಾರದು. ಅಂಥ ಮಗು ಆಸ್ಪತ್ರೆಯಲ್ಲಿರಬೇಕು. ಹಾಲಿನ ಬಾಟಲಿಯನ್ನು ಈ ದಿನಗಳಲ್ಲಾದರೂ ಮೇಲಿಟ್ಟುಬಿಡಿ. ಅದರ ನಿಪ್ಪಲಿನ ಸಂದಿ ತೊಳೆಯುವುದು ಯಾರ ಕೈಯಲ್ಲೂ ಪೂರ್ತಿ ಆಗುವುದಿಲ್ಲ.

“ಬರೀ ಉಪ್ಪು-ಸಕ್ಕರೆ ನೀರಾ? ಒಂದು ಬಾಟ್ಲಿ ಹಾಕಿಸಿ” ಅಂತ ಆಸ್ಪತ್ರೆಗೆ ಹೋಗಿ ಡಾಕ್ಟರ ಹತ್ತಿರ ಜಗಳ ಮಾಡುವವರಿಗೆ ನಾನು ಹೇಳುವ ಕಥೆ ಒಂದಿದೆ. 1971ರಲ್ಲಿ ಬಾಂಗ್ಲಾದಿಂದ ಬಂದ ನಿರಾಶ್ರಿತರು ಬಂಗಾಳದ ಬನಗಾಂವ್‌ನಲ್ಲಿ ಕಾಲರಾದಿಂದ ಸಾಯುತ್ತಿದ್ದರು. ಡ್ರಿಪ್ ಹಾಕುವ ಬಾಟಲಿಗಳು ತೀರಿಹೋದವು. ಡಾಕ್ಟರ್ ದಿಲೀಪ್ ಮಹಲನಬಿಸ್ ಅನ್ನುವವರು ಉಪ್ಪು, ಗ್ಲೂಕೋಸು, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಲೋಟದಲ್ಲಿ ಕುಡಿಸಿದರು. ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡರು, ಮರುವರ್ಷ ಪದ್ಮವಿಭೂಷಣ ಬಂತು. ಅವರ ಲೋಟದ ನೀರು ಕೆಲಸ ಮಾಡಿದ್ದಕ್ಕೆ ಕಾರಣ ಕರುಳಿನಲ್ಲಿದೆ: ಎಷ್ಟೇ ಭೇದಿಯಾಗುತ್ತಿದ್ದರೂ ಕರುಳು ಗ್ಲೂಕೋಸನ್ನು ಒಳಗೆ ತಗೊಳ್ಳುವಾಗ ಜೊತೆಗೆ ಉಪ್ಪನ್ನೂ ತಗೊಳ್ಳುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಅದಕ್ಕೇ ಬರೀ ನೀರು ಸಾಲದು, ಬರೀ ಉಪ್ಪುನೀರೂ ಸಾಲದು. ಕುಡಿಯಲು ಆಗುವ ಮಗುವಿಗೆ ಡ್ರಿಪ್ ಬೇಕಿಲ್ಲ. ಕುಡಿಯಲಾಗದ, ಸೋತುಬಿದ್ದ ಮಗುವಿಗೆ ಬೇಕು, ಆಗ ಒಂದು ನಿಮಿಷ ತಡ ಮಾಡಬಾರದು.

ಲೆಕ್ಕದ ಹಾಳೆ

ಹಳೇ ನೋಟ್‌ಬುಕ್ಕಿನ ಒಂದು ಹಾಳೆ, ಒಂದು ಪೆನ್ನು, ಗೋಡೆ ಗಡಿಯಾರ. ಹಾಳೆಯಲ್ಲಿ ನಾಲ್ಕು ಸಾಲು: ಹೊತ್ತು, ಕುಡಿದದ್ದು, ಹೋದದ್ದು, ಉಚ್ಚೆ. ಡಾಕ್ಟರು “ಎಷ್ಟು ಸಲ ಆಯ್ತಮ್ಮ?” ಅಂದರೆ “ಬಾಳ ಸಲ ಸಾರ್” ಅನ್ನುವ ಉತ್ತರದಿಂದ ಅವರಿಗೇನೂ ಗೊತ್ತಾಗುವುದಿಲ್ಲ. “ನಿನ್ನೆ ಸಂಜೆ ಆರರಿಂದ ಒಂಬತ್ತು ಸಲ ನೀರಾಗಿ, ನಾಲ್ಕು ವಾಂತಿ, ಉಚ್ಚೆ ಹೊಯ್ದು ಐದು ಗಂಟೆ ಆಯ್ತು, ಮುನ್ನೂರು ಎಂಎಲ್ ಕುಡಿದಿದೆ” ಅಂದು ನೋಡಿ, ಅವರು ಪೆನ್ನು ಕೆಳಗಿಟ್ಟು ನಿಮ್ಮ ಮುಖ ನೋಡುತ್ತಾರೆ.

ಈ ನಾಲ್ಕರಲ್ಲಿ ಜನ ಮರೆಯುವುದು ಉಚ್ಚೆಯನ್ನು. ನನಗೆ ಬೇಕಾದ ಲೆಕ್ಕವೂ ಅದೇ. ಮಗುವಿನ ಮೈಯಲ್ಲಿ ನೀರು ಸಾಕಷ್ಟಿದೆಯೇ ಅನ್ನುವುದನ್ನು ಉಚ್ಚೆಗಿಂತ ಚೆನ್ನಾಗಿ ಮನೆಯಲ್ಲಿ ತಿಳಿಯುವ ದಾರಿ ಇಲ್ಲ. ಡೈಪರ್ ಹಾಕಿದರೆ ನೀರಾದ ಭೇದಿ, ಉಚ್ಚೆ ಎರಡೂ ಅದರಲ್ಲೇ ಇಂಗಿ ಏನೂ ತಿಳಿಯದು. ಹಗಲಾದರೂ ಅದನ್ನು ತೆಗೆದು ಅಜ್ಜನ ಹಳೇ ಪಂಚೆ ಹರಿದು ಮೆತ್ತನೆಯ ಬಟ್ಟೆ ಕಟ್ಟಿ. ಕುಂಡಿ ಕೆಂಪಾಗಿ ಉರಿಯುವುದೂ ಇದರಿಂದ ಕಡಿಮೆಯಾಗುತ್ತದೆ; ಪ್ರತಿ ಸಲ ನೀರಲ್ಲಿ ತೊಳೆದು, ಒತ್ತಿ ಒರೆಸಿ, ಕೊಬ್ಬರಿ ಎಣ್ಣೆ ಸವರಿದರೆ ಸಾಕು. ಆರು ಗಂಟೆ ಉಚ್ಚೆ ಹೊಯ್ದಿಲ್ಲ, ಅಥವಾ ಹೊಯ್ದದ್ದು ಕಡು ಹಳದಿಯಾಗಿ ಚಿಟಿಕೆಯಷ್ಟಿದೆ ಅಂದರೆ ಕುಡಿಸುತ್ತಲೇ ಡಾಕ್ಟರ ಹತ್ತಿರ ಹೊರಡಿ.

ನೀರು ಕಡಿಮೆಯಾದ ಗುರುತುಗಳನ್ನು ನಾವು ತರಬೇತಿಯಲ್ಲಿ ಕಲಿತ ಹಾಗೆ ಹೇಳುತ್ತೇನೆ. ಕಣ್ಣು ಒಳಗೆ ಹೋಗಿರುತ್ತವೆ. ಇದನ್ನು ನಿಮಗಿಂತ, ಎರಡು ದಿನದ ಮೇಲೆ ಮಗುವನ್ನು ಕಂಡ ಪಕ್ಕದ ಮನೆಯವರು ಬೇಗ ಗುರುತಿಸುತ್ತಾರೆ. ಅತ್ತರೆ ಕಣ್ಣೀರು ಬರುವುದಿಲ್ಲ. ನಾಲಿಗೆ ಒಣಗಿ ಅಂಟಂಟಾಗಿರುತ್ತದೆ. ಮಗು ಕಿರಿಕಿರಿ ಮಾಡುತ್ತದೆ, ಚಮಚಕ್ಕೇ ಜೋತುಬಿದ್ದು ಕುಡಿಯುತ್ತದೆ. ಹೊಟ್ಟೆಯ ಮೇಲೆ, ಹೊಕ್ಕುಳ ಮತ್ತು ಪಕ್ಕೆಯ ನಡುವೆ ಚರ್ಮವನ್ನು ಎರಡು ಬೆರಳಲ್ಲಿ ಉದ್ದಕ್ಕೆ ಮಡಚಿ ಹಿಡಿದು ಬಿಟ್ಟರೆ ನಿಧಾನವಾಗಿ ಇಳಿಯುತ್ತದೆ. ಎರಡು ಸೆಕೆಂಡಿಗಿಂತ ಹೆಚ್ಚು ಹಾಗೇ ನಿಂತರೆ ಪರಿಸ್ಥಿತಿ ಕೈಮೀರುತ್ತಿದೆ. ತೀರಾ ದಪ್ಪ ಮಗುವಿನಲ್ಲಿ ಚರ್ಮ ಬೇಗ ಇಳಿದು ಮೋಸ ಮಾಡುತ್ತದೆ, ಬಡಕಲು ಮಗುವಿನಲ್ಲಿ ಹುಷಾರಿದ್ದರೂ ನಿಧಾನವಾಗಿ ಇಳಿಯುತ್ತದೆ. ಹಾಗಾಗಿ ಅದೊಂದನ್ನೇ ನಂಬಬೇಡಿ.

ಕೂಸಿನ ನೆತ್ತಿ ಕುಸಿದಿದ್ದರೆ “ನೆತ್ತಿ ಬಿದ್ದಿದೆ” ಅಂತ ಅಂಗುಳನ್ನು ಬೆರಳಿಂದ ಮೇಲೆತ್ತಿಸಲು, ನೆತ್ತಿಗೆ ಎಣ್ಣೆ ಬಿಡಿಸಲು ಕರೆದುಕೊಂಡು ಹೋಗುವವರಿದ್ದಾರೆ. ನೆತ್ತಿ ಬಿದ್ದಿದ್ದರಿಂದ ಭೇದಿಯಾಗುತ್ತಿಲ್ಲ, ಭೇದಿಯಲ್ಲಿ ನೀರು ಹೋಗಿ ನೆತ್ತಿ ಕುಸಿದಿದೆ. ನೀರು ತುಂಬಿದರೆ ಅದು ತಾನಾಗಿ ಏಳುತ್ತದೆ.

ಈ ಗುರುತುಗಳಲ್ಲಿ ಎರಡು ಕಂಡರೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿ ಮಗುವಿನ ತೂಕ ನೋಡಿ, ಕಿಲೋಗೆ 75 ಎಂಎಲ್ ಲೆಕ್ಕದಲ್ಲಿ ನಾಲ್ಕು ಗಂಟೆಯೊಳಗೆ ಓಆರ್‌ಎಸ್ ಕುಡಿಸುತ್ತಾರೆ. ಹತ್ತು ಕಿಲೋ ಮಗುವಿಗೆ 750 ಎಂಎಲ್ ಆಯಿತು. ಕುಡಿಸುವವರು ನೀವೇ, ನೋಡುತ್ತಿರುವವರು ಅವರು.

ಇನ್ನು ಕಾಯದೆ ಹೋಗಬೇಕಾದ ಸಂದರ್ಭಗಳು. ಎಬ್ಬಿಸಿದರೂ ಸರಿಯಾಗಿ ಎಚ್ಚರಾಗದ ಮಗು. ಕುಡಿಯಲಾಗದ ಅಥವಾ ಚೀಪಲಾಗದ ಮಗು. ಫಿಟ್ಸ್ ಬಂದ ಮಗು. ಭೇದಿಯಲ್ಲಿ ರಕ್ತ. ಹಸಿರು ಬಣ್ಣದ ವಾಂತಿ. ಹೊಟ್ಟೆ ಉಬ್ಬಿ ಗಟ್ಟಿಯಾಗಿರುವುದು. ಒಂದು ವರ್ಷದ ಒಳಗಿನ ಕೂಸು ಬಿಟ್ಟುಬಿಟ್ಟು ಕಾಲು ಮಡಚಿ ಚೀರಿ ಅತ್ತು, ಮಧ್ಯೆ ಸುಸ್ತಾಗಿ ಬಿದ್ದು, ಲೋಳೆಯ ಜೊತೆ ರಕ್ತ ಹೋದರೆ ಕರುಳಿನೊಳಗೆ ಕರುಳು ಸಿಕ್ಕಿಕೊಂಡಿರಬಹುದು. ಅದಕ್ಕೆ ಓಆರ್‌ಎಸ್ ಮದ್ದಲ್ಲ, ಮಕ್ಕಳ ಸರ್ಜನ್ ಇರುವ ಕಡೆಗೇ ಹೋಗಬೇಕು. 108ಕ್ಕೆ ಫೋನು ಮಾಡಿ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಮಕ್ಕಳ ಆಸ್ಪತ್ರೆ ಇವೆ. ದುರ್ಗದವರಿಗೆ ಅಲ್ಲಿನ ಜಿಲ್ಲಾ ಆಸ್ಪತ್ರೆ. ಜಗಳೂರಿನ ಆಚೆಯ ಹಳ್ಳಿಗಳಿಂದ ಬರುವವರಿಗೆ ದಾರಿಯೇ ಗಂಟೆ ಮೀರುತ್ತದೆ. ಎಚ್ಚರವಿದ್ದು ನುಂಗುವ ಮಗುವಾದರೆ ದಾರಿಯುದ್ದಕ್ಕೂ ಚಮಚ ನಿಲ್ಲಬಾರದು. ಬಾಟಲಿ, ಚಮಚ, ಲೆಕ್ಕದ ಹಾಳೆ, ತಾಯಿ ಕಾರ್ಡು ಚೀಲದಲ್ಲಿರಲಿ.

ಹೊಟ್ಟೆಗೇನು ಕೊಡುವುದು

“ಲಂಘನಂ ಪರಮೌಷಧಂ” ಅಂತ ಹಿರಿಯರು ಹೇಳುವುದು ಮದುವೆ ಊಟ ಮಾಡಿ ಅಜೀರ್ಣವಾದ ದೊಡ್ಡವರಿಗೆ. ಎರಡು ವರ್ಷದ ಮಗುವನ್ನು ಭೇದಿಯ ಜೊತೆ ಉಪವಾಸವೂ ಕೆಡವಿದರೆ ಅದು ಮೇಲೇಳಲು ತಿಂಗಳು ಹಿಡಿಯುತ್ತದೆ. ಕರುಳು ಗುಣವಾಗುವುದಕ್ಕೂ ಅನ್ನ ಬೇಕು. ವಾಂತಿ ಸ್ವಲ್ಪ ತಗ್ಗಿದ ಕೂಡಲೇ, ದಿನಕ್ಕೆ ಆರು ಸಲ, ಎರಡೆರಡು ತುತ್ತು.

ನಮ್ಮ ಕಡೆ ಇದಕ್ಕೆ ಹೊಸದಾಗಿ ಏನೂ ಮಾಡಬೇಕಿಲ್ಲ. ಮೆತ್ತಗೆ ಬೆಂದ ಅನ್ನಕ್ಕೆ ಹೆಸರುಬೇಳೆ ಹಾಕಿ ಕಿವುಚಿ, ಚಿಟಿಕೆ ಉಪ್ಪು, ಅರ್ಧ ಚಮಚ ತುಪ್ಪ ಅಥವಾ ಎಣ್ಣೆ. ಜಿಡ್ಡು ಬೇಡವೆಂದು ಹೆದರಬೇಡಿ, ಅಷ್ಟು ಜಿಡ್ಡು ಮಗುವಿಗೆ ಶಕ್ತಿ. ಹುಳಿಯಿಲ್ಲದ ಮೊಸರಿನ ಅನ್ನ. ತೆಳ್ಳಗಿನ ರಾಗಿ ಗಂಜಿ, ಜೋಳದ ನುಚ್ಚು ತಿಂದು ರೂಢಿಯಿದ್ದರೆ ಅದನ್ನೇ ಇನ್ನಷ್ಟು ಬೇಯಿಸಿ ಮೊಸರಿನ ಜೊತೆ. ಚೆನ್ನಾಗಿ ಕಳಿತ ಬಾಳೆಹಣ್ಣು, ಪೊಟ್ಯಾಸಿಯಂ ಅದರಲ್ಲಿದೆ. ದಾವಣಗೆರೆಯ ಮನೆ ಅಂದಮೇಲೆ ಮಂಡಕ್ಕಿ ಇದ್ದೇ ಇರುತ್ತದೆ. ಅದನ್ನು ಮಜ್ಜಿಗೆಯಲ್ಲಿ ಪೂರ್ತಿ ನೆನೆಸಿ, ಹಿಸುಕಿ ಕೊಟ್ಟರೆ ಏನನ್ನೂ ಒಲ್ಲದ ಮಕ್ಕಳೂ ತಿನ್ನುತ್ತವೆ. ಅದರಲ್ಲಿ ಮೊದಲೇ ಉಪ್ಪಿರುತ್ತದೆ, ಮತ್ತೆ ಹಾಕಬೇಡಿ. ಒಣ ಮಂಡಕ್ಕಿ ಚಿಕ್ಕ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಅದನ್ನು ಕೈಗೆ ಕೊಡಬೇಡಿ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಸೋಡಿಯಂ ಕಡಿಮೆ. ಓಆರ್‌ಎಸ್ ಜೊತೆಗೆ ಕೊಡಿ, ಬದಲಿಗೆ ಬೇಡ. ಹಸುವಿನ ಹಾಲು ಕುಡಿಯುವ ಮಗುವಿಗೆ ನೀರು ಬೆರೆಸದೆ ಮಾಮೂಲಿನಂತೆ ಕೊಡಬಹುದು. ಹಾಲು ಕುಡಿದಾಗಲೆಲ್ಲ ಭೇದಿ ಹೆಚ್ಚಾಗುವುದು ಕಂಡರೆ ಕೆಲವು ದಿನ ಮೊಸರಿಗೆ ಬದಲಾಯಿಸಿ. ಕಾಫಿ, ಟೀ ಬೇಡ. ಬೆಣ್ಣೆ ದೋಸೆ ಕೇಳಿದರೆ ಹಸಿವು ಮರಳಿದೆ ಅಂತ ಸಂತೋಷಪಡಿ, ಕೊಡುವುದನ್ನು ಮಾತ್ರ ಮುಂದಿನ ವಾರಕ್ಕೆ ಇಟ್ಟುಕೊಳ್ಳಿ.

ಜಿಂಕ್

ಓಆರ್‌ಎಸ್ ಜೊತೆ ಕೊಡುವ ಈ ಮಾತ್ರೆಯನ್ನು ಭೇದಿ ನಿಂತ ದಿನವೇ ಎತ್ತಿಡುವುದು ಎಲ್ಲರ ಮನೆಯ ರೂಢಿ. ಪೂರ್ತಿ 14 ದಿನ ಕೊಡಬೇಕು. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳ ಕೂಸಿಗೆ 10 ಮಿಲಿಗ್ರಾಂ, ಅಂದರೆ ಅರ್ಧ ಮಾತ್ರೆ. ಚಮಚದಲ್ಲಿ ಎದೆಹಾಲು ಅಥವಾ ಕುದಿಸಿ ಆರಿಸಿದ ನೀರು ಹಾಕಿ ಮಾತ್ರೆ ಬಿಟ್ಟರೆ ತಾನೇ ಕರಗುತ್ತದೆ. ಬಾಯಿಗೆ ಲೋಹದ ರುಚಿ ಬರುತ್ತದೆ, ಮಗು ಮುಖ ಕಿವುಚುತ್ತದೆ. ಅರ್ಧ ಗಂಟೆಯೊಳಗೆ ಕಕ್ಕಿದರೆ ಇನ್ನೊಂದು ಸಲ ಕೊಡಿ. ಭೇದಿ ಬೇಗ ತಗ್ಗುತ್ತದೆ, ಮುಂದಿನ ಎರಡು ಮೂರು ತಿಂಗಳು ಮತ್ತೆ ಹತ್ತುವುದೂ ಕಡಿಮೆ. ಮಾತ್ರೆ ಪಟ್ಟಿಯನ್ನು ಗೋಡೆಯ ಕ್ಯಾಲೆಂಡರಿಗೆ ಪಿನ್ನು ಹಾಕಿ ಸಿಕ್ಕಿಸಿ, ಕೊಟ್ಟ ದಿನಕ್ಕೆ ಗೀಟು ಹಾಕಿ.

ಮಿಕ್ಕ ಔಷಧಿಗಳ ಬಗ್ಗೆ ನನ್ನದು ಜಿಪುಣತನ. ದೊಡ್ಡವರಿಗೆ ಭೇದಿ ನಿಲ್ಲಲು ಕೊಡುವ ಲೋಪೆರಮೈಡ್ ಮಾತ್ರೆ ಮಗುವಿಗೆ ಕೊಡಲೇಬಾರದು. ಕರುಳಿನ ಚಲನೆಯನ್ನೇ ಕಟ್ಟಿಹಾಕಿ ಹೊಟ್ಟೆ ಉಬ್ಬಿಸುತ್ತದೆ. ಹೋದ ಸಲ ಉಳಿದ ಆ್ಯಂಟಿಬಯಾಟಿಕ್ ಸಿರಪ್ಪು ಈ ಸಲಕ್ಕೆ ಬೇಡ, ಮಕ್ಕಳ ಭೇದಿ ಬಹಳಷ್ಟು ವೈರಸ್ಸಿನಿಂದ ಬರುವಂಥದ್ದು. ರಕ್ತಭೇದಿಗೆ ಬೇಕಾಗುತ್ತದೆ, ಅದನ್ನು ಡಾಕ್ಟರು ಬರೆಯಲಿ. ಜ್ವರಕ್ಕೆ ಪ್ಯಾರಸಿಟಮಾಲ್, ತೂಕ ನೋಡಿ ಡಾಕ್ಟರು ಬರೆದಷ್ಟು. ಐಬುಪ್ರೊಫೆನ್ ಇರುವ ಸಿರಪ್ ಬೇಡ, ನೀರು ಕಳೆದುಕೊಂಡ ಮೈಯಲ್ಲಿ ಅದು ಮೂತ್ರಪಿಂಡಕ್ಕೆ ಕೇಡು.

ಮನೆಯ ಹಿರಿಯರು ಹೇಳುವುದು

ಎಲ್ಲವನ್ನೂ ಮೂಢನಂಬಿಕೆ ಅಂತ ತಳ್ಳಿಹಾಕಿ ಜಗಳಕ್ಕೆ ನಿಂತ ಸೊಸೆಯಂದಿರು ಗೆದ್ದದ್ದನ್ನು ನಾನು ಕಂಡಿಲ್ಲ. ದೃಷ್ಟಿ ತೆಗೆಯುತ್ತಾರಾ, ತೆಗೆಯಲಿ. ಮೆಣಸಿನಕಾಯಿ ಹೊಗೆ ಮಗುವಿನ ಮುಖಕ್ಕೆ ಬಾರದ ಹಾಗೆ ನೋಡಿಕೊಳ್ಳಿ, ಅಷ್ಟೊತ್ತೂ ಚಮಚ ನಡೆದಿರಲಿ. ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿ “ನೀರು ಹಾಕಿದಷ್ಟೂ ಹೋಗ್ತದವ್ವ, ಹಾಕಬ್ಯಾಡ” ಅಂತ ಲೋಟಕ್ಕೆ ಅಡ್ಡ ಕೈ ಇಟ್ಟಿದ್ದಳು. “ಅಜ್ಜಿ, ಹಾಕದಿದ್ರೂ ಹೋಗ್ತೈತಲ್ಲ, ಅದು ಎಲ್ಲಿಂದ ಬರ್ತೈತಿ? ಕೂಸಿನ ರಕ್ತದಾಗಿಂದ” ಅಂದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಚಮಚವನ್ನು ತಾನೇ ಇಸಗೊಂಡಳು. ಅಜ್ಜಿಯರು ಒಪ್ಪಿದರೆ ಅವರಷ್ಟು ತಾಳ್ಮೆಯಿಂದ ಕುಡಿಸುವವರು ಬೇರಿಲ್ಲ.

ಆದರೆ ಎರಡು ವಿಷಯಕ್ಕೆ ನಾನು ಬಗ್ಗುವುದಿಲ್ಲ. ಒಂದು, ಹೊಟ್ಟೆಗೆ ಬರೆ ಹಾಕಿಸುವುದು. ಭೇದಿಯ ಜೊತೆ ಸುಟ್ಟ ಗಾಯ, ಅದರ ಕೀವು ಸೇರುತ್ತದೆ, ಇನ್ನೇನೂ ಆಗುವುದಿಲ್ಲ. ಇನ್ನೊಂದು, ಜಾಯಿಕಾಯಿ ಅಥವಾ ಗಸಗಸೆ ತೇಯ್ದು ನೆಕ್ಕಿಸಿ ಮಲಗಿಸುವುದು. ಮಗು ಮಲಗಿದರೆ ಮನೆಯವರಿಗೆ ನೆಮ್ಮದಿ, ನನಗೆ ಎದೆ ಹೊಡೆದುಕೊಳ್ಳುತ್ತದೆ. ಮಲಗಿದ ಮಗು ಕುಡಿಯುವುದಿಲ್ಲ. ಮೇಲಾಗಿ ಆ ಮಂಪರು ಜಾಯಿಕಾಯಿಯದೋ, ನೀರು ಬತ್ತಿದ್ದರದೋ ಅಂತ ಡಾಕ್ಟರಿಗೂ ತಿಳಿಯದಂತಾಗುತ್ತದೆ. “ಹಲ್ಲು ಬರುವ ಭೇದಿ, ಬಿಡು” ಅನ್ನುವ ಮಾತೂ ಹೀಗೆಯೇ ಕಾಲ ಕಳೆಯುತ್ತದೆ. ಹಲ್ಲು ಬರುವ ವಯಸ್ಸಿನಲ್ಲಿ ಮಗು ನೆಲದ ಮೇಲಿರುವುದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ, ಭೇದಿ ಅಲ್ಲಿಂದ ಬರುತ್ತದೆ.

ನೀರು, ಜಾತ್ರೆ, ಕೈ

ಭೇದಿ ಹತ್ತಿದ ಮೇಲೆ ಅದು ಎಲ್ಲಿಂದ ಬಂತು ಅಂತ ಒಂದು ಸಲ ಯೋಚಿಸಿ. ದುಗ್ಗಮ್ಮನ ಜಾತ್ರೆ, ನಾಯಕನಹಟ್ಟಿ ತೇರು ಮುಗಿದ ವಾರ ಉಪಕೇಂದ್ರದಲ್ಲಿ ಓಆರ್‌ಎಸ್ ಖರ್ಚು ಜಾಸ್ತಿಯಾಗುತ್ತಿತ್ತು. ಐಸು, ಕಬ್ಬಿನ ಹಾಲು, ಹೆಚ್ಚಿಟ್ಟ ಕಲ್ಲಂಗಡಿ. ಜಾತ್ರೆಗೆ ಮಗುವನ್ನು ಕರೆದೊಯ್ಯಬೇಡಿ ಅನ್ನುವುದಿಲ್ಲ, ಮನೆಯ ನೀರಿನ ಬಾಟಲಿ ಒಯ್ಯಿರಿ. ಶುದ್ಧ ನೀರಿನ ಘಟಕದಿಂದ ನಾಣ್ಯ ಹಾಕಿ ತಂದ ಕ್ಯಾನಿನ ನೀರು ಶುದ್ಧವಾಗಿಯೇ ಬರುತ್ತದೆ. ಅದನ್ನು ಸುರಿದಿಟ್ಟ ಕೊಡದೊಳಗೆ ಲೋಟವನ್ನು ಬೆರಳ ಸಮೇತ ಅದ್ದಿದರೆ ನಾಣ್ಯ ಹಾಕಿದ್ದು ದಂಡ. ಉದ್ದ ಹಿಡಿಕೆಯ ಸೌಟು ಅಥವಾ ನಲ್ಲಿ ಇರುವ ಪಾತ್ರೆ ಇಡಿ. ಮಗುವಿನ ನೀರನ್ನು ಕೊತಕೊತ ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿ.

ನಿಮ್ಮ ಬೀದಿಯಲ್ಲಿ ಒಂದೇ ದಿನ ಎರಡು ಮೂರು ಮನೆಯಲ್ಲಿ ವಾಂತಿ-ಭೇದಿ ಕಂಡರೆ ಅದು ನಿಮ್ಮ ಮಗುವಿನ ವಿಷಯವಾಗಿ ಉಳಿಯುವುದಿಲ್ಲ. 2023ರ ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, ಹಲವರು ಜೀವ ಕಳೆದುಕೊಂಡರು. ನಲ್ಲಿ ನೀರು ಕುಡಿಯುವುದನ್ನು ಆ ಕ್ಷಣವೇ ನಿಲ್ಲಿಸಿ, ಆಶಾ ಕಾರ್ಯಕರ್ತೆಗೆ, ಆರೋಗ್ಯ ಕೇಂದ್ರಕ್ಕೆ, ವಾರ್ಡಿನವರಿಗೆ ತಿಳಿಸಿ. ಒಂದು ತೊಳೆದ ಬಾಟಲಿಯಲ್ಲಿ ಆ ದಿನದ ನೀರನ್ನು ಹಿಡಿದಿಡಿ, ಆರೋಗ್ಯ ಇಲಾಖೆಯವರು ಬಂದಾಗ ತೋರಿಸಲು.

ಮಗುವಿನ ಭೇದಿಯ ಬಟ್ಟೆ ತೊಳೆದ ಕೈಯಲ್ಲೇ ಗಂಜಿ ಕಲೆಸುವುದರಿಂದ ದೊಡ್ಡಮಗುವಿಗೂ ಹತ್ತುತ್ತದೆ. ಬಟ್ಟೆ ತೊಳೆದವರು ಸೋಪು ಹಾಕಿ ಕೈ ತೊಳೆಯಲಿ, ಆಮೇಲೆ ಅಡುಗೆ. ಚಿಕ್ಕ ಮಕ್ಕಳ ಮಲ ಏನೂ ಮಾಡದು ಅಂತ ಚರಂಡಿಗೆ ಎಸೆಯಬೇಡಿ, ಪಾಯಿಖಾನೆಗೆ ಹಾಕಿ.

ಭೇದಿ ನಿಂತ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಟ್ಟು ಅಂಗನವಾಡಿಯಲ್ಲಿ ತೂಕ ಮಾಡಿಸಿ. ಹದಿನಾಲ್ಕು ದಿನ ಕಳೆದರೂ ಭೇದಿ ನಿಂತಿಲ್ಲವಾದರೆ ಅದು ಬೇರೆ ಕಾಯಿಲೆ, ಮಕ್ಕಳ ಡಾಕ್ಟರಿಗೇ ತೋರಿಸಬೇಕು. ಮನೆಯಲ್ಲಿ ಇನ್ನೊಂದು ಹಸುಗೂಸಿದ್ದರೆ ಅದರ ತಾಯಿ ಕಾರ್ಡು ತೆಗೆದು ನೋಡಿ: ಆರು, ಹತ್ತು, ಹದಿನಾಲ್ಕನೇ ವಾರದಲ್ಲಿ ರೋಟಾವೈರಸ್ ಲಸಿಕೆ ಬಿದ್ದಿರಬೇಕು. ಬಾಯಿಗೆ ಹಾಕುವ ಲಸಿಕೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಎರಡು ಓಆರ್‌ಎಸ್ ಪ್ಯಾಕೆಟ್ಟು ಯಾವಾಗಲೂ ಮನೆಯಲ್ಲಿರಲಿ, ಅವಧಿ ಮುಗಿಯುವ ತಾರೀಖನ್ನು ಆಗಾಗ ನೋಡಿ. ಪುಡಿ ಗಟ್ಟಿಯಾಗಿ ಬಣ್ಣ ತಿರುಗಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ ಬೇರೆ ತಗೊಳ್ಳಿ.